ನಡುವಿನ ಊರುಗಳ ಹಾಡು

ಐರ್ಲೆಂಡಿನಲ್ಲಿದ್ದೇನೆ ಅಂದ ಕೂಡಲೇ ನಮ್ಮ ಕಡೆಯ ಸಂಗೀತಪ್ರಿಯರು ಒಂದು ಹೆಸರು ಹೇಳಿ ನನ್ನ ಮುಖ ನೋಡುತ್ತಾರೆ. ಸ್ವಲ್ಪ ಹಿರಿಯರು ಯು2 ಅನ್ನುತ್ತಾರೆ, ನನ್ನ ಓರಗೆಯವರು ಕ್ರ್ಯಾನ್‌ಬೆರೀಸ್ ಅನ್ನುತ್ತಾರೆ, ಕಾಲೇಜು ಹುಡುಗರು ಹೋಜಿಯರ್ ಅಥವಾ ಫಾಂಟೇನ್ಸ್ ಡಿ.ಸಿ. ಅನ್ನುತ್ತಾರೆ. ಎಲ್ಲರೂ ಒಳ್ಳೆಯ ಹಾಡುಗಾರರೇ, ಆ ಬಗ್ಗೆ ತಕರಾರಿಲ್ಲ. ಆದರೆ ಬರೀ ಇವರನ್ನು ಕೇಳಿ ಐರ್ಲೆಂಡಿನ ಹಾಡು ಗೊತ್ತು ಅನ್ನುವುದು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಊಟ ಮಾಡಿ ಊರಿನ ಅಡುಗೆ ಗೊತ್ತು ಅಂದ ಹಾಗೆ. ಇಲ್ಲಿ ಪಬ್ಬುಗಳ ಮಹಡಿ ಮೇಲಿನ ಸಣ್ಣ ಕೋಣೆಗಳಲ್ಲಿ ಬೆಳೆದ, ಹೆಸರು ಹೇಳಿದರೆ ಈ ದೇಶದವರೇ ಅರ್ಧ ಜನ ‘ಯಾರದು?’ ಎಂದು ಕೇಳುವಂಥ ತಂಡಗಳಿವೆ. ಅವುಗಳಲ್ಲಿ ನಾನು ಕೇಳುತ್ತ ಬಂದಿರುವ ಕೆಲವನ್ನು ನಿಮಗೂ ಕೇಳಿಸಬೇಕೆಂದು ಆಸೆ.

ಇವನ್ನೆಲ್ಲ ಒಟ್ಟಾಗಿ ‘ಇಂಡಿ’ ಅನ್ನುತ್ತಾರೆ. ಮೊದಲು ಈ ಮಾತಿಗೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಲೇಬಲ್ಲಿನಲ್ಲೋ ಸ್ವಂತ ದುಡ್ಡಿನಲ್ಲೋ ಹಾಡು ಹೊರತರುವವರು ಎಂಬ ಅರ್ಥವಿತ್ತು. ಈಗ ಅದೊಂದು ಬಗೆಯ ಸಂಗೀತದ ಹೆಸರೂ ಹೌದು. ಗಿಟಾರು, ಬೇಸ್, ಡ್ರಮ್ಸು, ನಾಲ್ಕೈದು ಜನ ಗೆಳೆಯರು, ಸ್ವಂತ ಮಾತು, ಸ್ವಂತ ರಾಗ. ಅಷ್ಟು ತಿಳಿದಿದ್ದರೆ ಸಾಕು.

ನಾನಿರುವುದು ಡಂಡಾಕ್ ಎಂಬ ಊರಿನಲ್ಲಿ. ಜನಸಂಖ್ಯೆ ಸುಮಾರು 43 ಸಾವಿರ. ಉತ್ತರಕ್ಕೆ ಬೆಲ್‌ಫಾಸ್ಟ್, ದಕ್ಷಿಣಕ್ಕೆ ಡಬ್ಲಿನ್, ಎರಡಕ್ಕೂ ಎಂಬತ್ತು ಚಿಲ್ಲರೆ ಕಿಲೋಮೀಟರ್. ಆ ಎರಡು ನಗರಗಳ ನಡುವೆ ರೈಲಿನಲ್ಲಿ ಓಡಾಡುವವರು ಕಿಟಕಿಯಿಂದ ನೋಡಿ ಮುಂದೆ ಹೋಗುವ ಊರು. ದಾವಣಗೆರೆಯವಳಾದ ನನಗೆ ಈ ಪಾಡು ಹೊಸದೇನಲ್ಲ. ಬೆಂಗಳೂರಿಗೂ ಹುಬ್ಬಳ್ಳಿಗೂ ನಡುವೆ ಬೆಣ್ಣೆದೋಸೆಗೆ ಮಾತ್ರ ಇಳಿಯಬೇಕಾದ ಊರು ನಮ್ಮದು ಎಂದು ಹೊರಗಿನವರು ತಿಳಿದಿರುವುದು ನನಗೆ ಗೊತ್ತು. ನಮ್ಮಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಲ್ಲಿ ರೈಲ್ವೆ ಕಾರ್ಖಾನೆ 1958ರಲ್ಲಿ ಮುಚ್ಚಿತು, ಆಮೇಲೆ ಚಪ್ಪಲಿ ಕಾರ್ಖಾನೆಗಳೂ ಹೋದವು. ಗಿರಣಿಯ ಸೈರನ್ನು ಕೇಳಿ ಬೆಳೆದವರ ಮಕ್ಕಳು ಎರಡೂ ಊರಲ್ಲಿದ್ದಾರೆ.

2018ರಲ್ಲಿ ಇಲ್ಲಿನ ಒಂದು ಔಷಧ ಪ್ರಯೋಗಾಲಯದ ಕೆಲಸಕ್ಕೆ ಬಂದೆ. ಮೊದಲ ಚಳಿಗಾಲ. ಸಂಜೆ ನಾಲ್ಕು ಗಂಟೆಗೇ ಕತ್ತಲು, ಹಿಡಿದ ಮಳೆ ಬಿಡುವುದಿಲ್ಲ. ಹೀಗೇ ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಜೊತೆಯಲ್ಲಿ ಕೆಲಸ ಮಾಡುವಾಕೆ ಬಂದರಿನ ದಂಡೆಯ ಸ್ಪಿರಿಟ್ ಸ್ಟೋರ್ ಎಂಬ ಪಬ್ಬಿಗೆ ಕರೆದುಕೊಂಡು ಹೋದಳು. ಮಹಡಿಯ ಮೇಲೆ ಹಾಡಿನ ಕೋಣೆ. ನಾನು ಕಿತ್ತಳೆ ರಸ ಹಿಡಿದು ಗೋಡೆಗೆ ಒರಗಿ ನಿಂತೆ. ಆ ರಾತ್ರಿ ನುಡಿಸಿದವರು ಜಸ್ಟ್ ಮಸ್ಟರ್ಡ್. ಇದೇ ಊರಿನ ಐದು ಜನ.

ಜಸ್ಟ್ ಮಸ್ಟರ್ಡ್ ತಂಡದ ಗಿಟಾರು ಗಿಟಾರಿನ ಹಾಗೆ ಕೇಳಿಸುವುದಿಲ್ಲ. ತಗಡು ಉಜ್ಜಿದ ಹಾಗೆ, ಯಂತ್ರ ನಿಲ್ಲುವ ಮುಂಚೆ ಕಿರುಗುಟ್ಟುವ ಹಾಗೆ ಸದ್ದು. ಎರಡು ಗಿಟಾರುಗಳು ಹೀಗೆ ಅಬ್ಬರಿಸುತ್ತಿದ್ದರೆ ರಾಗದ ಎಳೆಯನ್ನು ಬೇಸ್ ಹಿಡಿದು ನಡೆಸುತ್ತದೆ. ಈ ಎಲ್ಲದರ ನಡುವೆ ಕೇಟಿ ಬಾಲ್ ಎಂಬ ಗಾಯಕಿ, ಮಲಗಿದ ಮಗುವಿಗೆ ಎಚ್ಚರವಾಗಬಾರದು ಎಂಬಷ್ಟು ಮೆಲ್ಲಗೆ ಹಾಡುತ್ತಾಳೆ. ಅಬ್ಬರದ ಸದ್ದು, ಮೆಲುದನಿ ಎರಡನ್ನೂ ಬೆರೆಸುವ ಈ ರೀತಿಗೆ ಇಲ್ಲೇ ಬೇರಿದೆ. 1983ರಲ್ಲಿ ಡಬ್ಲಿನ್ನಿನಲ್ಲಿ ಶುರುವಾದ ಮೈ ಬ್ಲಡಿ ವ್ಯಾಲೆಂಟೈನ್ ತಂಡವೇ ಅದಕ್ಕೆ ದಾರಿ ಹಾಕಿದ್ದು. ಜಸ್ಟ್ ಮಸ್ಟರ್ಡ್ ತಂಡದ ಮೊದಲ ಆಲ್ಬಮ್ ‘ವೆಡ್ನೆಸ್‌ಡೇ’ ಬಂದದ್ದು 2018ರಲ್ಲಿ, ಎರಡನೆಯದು ‘ಹಾರ್ಟ್ ಅಂಡರ್’ 2022ರಲ್ಲಿ. ಎರಡನೆಯದರಿಂದ ಶುರು ಮಾಡಿ. ಮೊದಲ ಸಲ ಕೇಳಿದಾಗ ನನ್ನ ಹಾಗೆ ನಿಮಗೂ ‘ಇದೇನು ಗಲಾಟೆ’ ಅನ್ನಿಸಬಹುದು. ಮೂರನೆಯ ಸಲಕ್ಕೆ ಗಿರಣಿಯ ಸದ್ದಿನೊಳಗೆ ಯಾರೋ ಗುನುಗುತ್ತಿರುವುದು ಕೇಳಿಸುತ್ತದೆ.

ಈ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿದ್ದದ್ದು ಅಕ್ಕನ ಮಗನಿಂದ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಮೂವರು ಗೆಳೆಯರ ಜೊತೆ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದಾನೆ, ಮನೆಯ ತಾರಸಿಯ ಮೇಲೆ ಅಭ್ಯಾಸ. ಕ್ಯಾಂಪಸ್ ಸಂದರ್ಶನದಲ್ಲಿ ಬೆಂಗಳೂರಿನ ಒಂದು ಕೆಲಸ ಸಿಕ್ಕಿದೆ. ಹೋಗಲೋ ಬೇಡವೋ ಎಂದು ಒದ್ದಾಡುತ್ತ ವಾಟ್ಸ್ಯಾಪಿನಲ್ಲಿ ದನಿ ಕಳಿಸಿದ: ‘ಚಿಕ್ಕಮ್ಮ, ನಮ್ಮೂರಾಗೆ ಇದ್ಕಂಡು ಬ್ಯಾಂಡ್ ಮಾಡಿ ಬದುಕಾಕೆ ಆಗ್ತೈತಾ? ನಿಮ್ ಕಡೆಯೋರು ಹೆಂಗ್ ಮಾಡ್ತಾರೆ?’ ಅದರ ಹಿಂದೆಯೇ ಅಕ್ಕನ ಫೋನು: ‘ನೀನಾರ ಒಂಚೂರು ಬುದ್ಧಿ ಹೇಳೇ. ಗಿಟಾರು ಹೊಟ್ಟೆ ತುಂಬಿಸ್ತೈತಾ?’ ಅವನು ಕಳಿಸಿದ ಹಾಡು ಕೇಳಿದೆ. ರಾಗ ಚೆನ್ನಾಗಿತ್ತು. ಇಂಗ್ಲಿಷಿನಲ್ಲಿ ಬರೆದಿದ್ದ, ಅದಕ್ಕೂ ನನ್ನ ತಕರಾರಿಲ್ಲ. ಆದರೆ ಹಾಡುವಾಗ ಹುಡುಗ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವನಾಗಿಬಿಟ್ಟಿದ್ದ. ಚಿಕ್ಕಮ್ಮ ಎಂದು ಕರೆಯುವ ದನಿಗೂ ಈ ದನಿಗೂ ಸಂಬಂಧವೇ ಇರಲಿಲ್ಲ.

ಐರ್ಲೆಂಡಿನವರೂ ಬಹಳ ಕಾಲ ಹೀಗೇ ಹಾಡುತ್ತಿದ್ದರು. ಮಾತಾಡುವುದು ಒಂದು ಉಚ್ಚಾರ, ಮೈಕಿನ ಮುಂದೆ ಅಮೆರಿಕದ ಉಚ್ಚಾರ. ಇಲ್ಲಿನ ಜನ ತಮ್ಮ ಭಾಷೆಯಾದ ಐರಿಷ್ ಅನ್ನು ಹೆಚ್ಚುಪಾಲು ಕಳೆದುಕೊಂಡು ಇಂಗ್ಲಿಷ್ ಆಡತೊಡಗಿದವರು. ಆದರೆ ಹಳೆಯ ಭಾಷೆ ಇಂಗ್ಲಿಷಿನ ಕೆಳಗೆ ಹೋಗಿ ಕೂತಿದೆ. ಈಗ ತಾನೇ ಉಂಡೆ ಅನ್ನುವುದಕ್ಕೆ ಇವರು ‘ಐಯಾಮ್ ಆಫ್ಟರ್ ಈಟಿಂಗ್’ ಅನ್ನುತ್ತಾರೆ, ಅದು ಐರಿಷ್ ವ್ಯಾಕರಣ ಇಂಗ್ಲಿಷ್ ಅಂಗಿ ತೊಟ್ಟು ಬಂದದ್ದು. ಈಗಿನ ತಂಡಗಳಲ್ಲಿ ನನಗೆ ಇಷ್ಟವಾದವು ಈ ಉಚ್ಚಾರವನ್ನು ಮೈಕಿನ ಮುಂದೆಯೂ ಬಿಡದವು.

ಮೊದಲ ಉದಾಹರಣೆ ಎ ಲಾಜರಸ್ ಸೋಲ್. ಡಬ್ಲಿನ್ನಿನ ತಂಡ, ಬ್ರಯನ್ ಬ್ರ್ಯಾನಿಗನ್ ಹಾಡುಗಾರ, ಹಾಡು ಕಟ್ಟುವವನೂ ಅವನೇ. 2019ರ ಆಲ್ಬಮ್ಮಿನ ಹೆಸರು ‘ದ ಡಿ ದೇ ಪುಟ್ ಬಿಟ್ವೀನ್ ದ ಆರ್ ಅಂಡ್ ಎಲ್’. ಆರ್‌ಗೂ ಎಲ್‌ಗೂ ನಡುವೆ ಅವರು ಇಡುವ ಡಿ. ಡಬ್ಲಿನ್ನಿನ ಕಾರ್ಮಿಕರ ಕೇರಿಗಳಲ್ಲಿ ‘ಗರ್ಲ್’ ಎಂಬ ಮಾತು ‘ಗರ್ಡಲ್’ ಎಂಬಂತೆ ಕೇಳಿಸುತ್ತದೆ, ಇಲ್ಲದ ಒಂದು ಡ ನಡುವೆ ಬಂದು ಕೂರುತ್ತದೆ. ಸಭ್ಯಸ್ಥರು ಆಡಿಕೊಂಡು ನಗುವ ಆ ಡಕಾರವನ್ನೇ ತಲೆಬರಹವಾಗಿ ಇಟ್ಟುಕೊಂಡ ಆಲ್ಬಮ್ ಇದು. ‘ಐತಿ’, ‘ಐತೆ’ ಅಂದದ್ದಕ್ಕೆ ಬೆಂಗಳೂರಿನ ಹಾಸ್ಟೆಲಿನಲ್ಲಿ ನಗಿಸಿಕೊಂಡ ನಮಗೆ ಇದು ಬೇಗ ಅರ್ಥವಾಗುತ್ತದೆ. ನಗರ ಮರೆತವರ ಬಗ್ಗೆ, ಕುಡಿತ, ಬಡತನ, ಒಡೆದ ಮನೆಗಳ ಬಗ್ಗೆ ಈ ತಂಡ ಹಾಡುತ್ತದೆ. ಆದರೆ ಅಯ್ಯೋ ಪಾಪ ಎಂಬ ದನಿಯಲ್ಲಿ ಅಲ್ಲ, ಪಕ್ಕದ ಮನೆಯವರ ದನಿಯಲ್ಲಿ.

ದಕ್ಷಿಣಕ್ಕೆ, ಕೆರ್ರಿ ಜಿಲ್ಲೆಯ ಹಳ್ಳಿಗಾಡಿನಿಂದ ಬಂದವನು ಜೂನಿಯರ್ ಬ್ರದರ್. ಅಸಲಿ ಹೆಸರು ರೋನನ್ ಕೀಲಿ. ಕೈಯಲ್ಲಿ ಗಿಟಾರು, ಕಾಲಡಿಗೆ ಒಂದು ಕಂಜರದಂಥ ಟ್ಯಾಂಬರೀನ್. ಕಾಲಿಗೆ ಗೆಜ್ಜೆ ಕಟ್ಟಿ ಏಕತಾರಿ ಮೀಟುವ ನಮ್ಮ ತತ್ವಪದದವರನ್ನು ನೋಡಿದವರಿಗೆ ಇವನು ಅಪರಿಚಿತ ಅನ್ನಿಸುವುದಿಲ್ಲ. ತಾಳ ಕುಂಟುತ್ತದೆ, ದನಿ ಒಮ್ಮೆ ಒರಟು, ಒಮ್ಮೆ ಅಳು. 2019ರ ‘ಪುಲ್ ದ ರೈಟ್ ರೋಪ್’ ಕೇಳಿ. ಅದರಲ್ಲಿ ಕುಡಿದ ಅಮಲು ಇಳಿಯದೆ ಚರ್ಚಿನ ಪೂಜೆಗೆ ಹೋಗಿ ಕೂತವನ ಬಗ್ಗೆ ಒಂದು ಹಾಡಿದೆ, ನಗು ಬರುತ್ತದೆ, ಆಮೇಲೆ ಒಂಥರಾ ಸಂಕಟವೂ ಆಗುತ್ತದೆ. 2022ರ ಆಲ್ಬಮ್ಮಿಗೆ ಅವನು ಇಟ್ಟ ಹೆಸರು ‘ದ ಗ್ರೇಟ್ ಐರಿಷ್ ಫ್ಯಾಮಿನ್’. 1845ರಿಂದ ಶುರುವಾಗಿ ಸುಮಾರು ಹತ್ತು ಲಕ್ಷ ಜನರನ್ನು ಕೊಂದ, ಇನ್ನಷ್ಟೇ ಜನರನ್ನು ಹಡಗು ಹತ್ತಿಸಿದ ಬರಗಾಲದ ಹೆಸರು. ಇಲ್ಲಿ ಆ ಹೆಸರನ್ನು ಯಾರೂ ಹಗುರವಾಗಿ ಎತ್ತುವುದಿಲ್ಲ.

ಕಾರ್ಕ್ ಕಡೆಯ ಕಾರ್ಡಿನಲ್ಸ್ ಇನ್ನೂ ಹೊಸಬರು. 2024ರಲ್ಲಿ ಬಂದ, ತಂಡದ ಹೆಸರನ್ನೇ ಹೊತ್ತ ಸಣ್ಣ ರೆಕಾರ್ಡಿನಿಂದ ಶುರು ಮಾಡಬಹುದು. ಇವರಲ್ಲಿ ಗಿಟಾರುಗಳ ಜೊತೆ ಅಕಾರ್ಡಿಯನ್ ಇದೆ. ಹಳ್ಳಿಯ ಮದುವೆಯಲ್ಲಿ ನುಡಿಸುವ ವಾದ್ಯ ಎಂದು ಪೇಟೆಯ ಹುಡುಗರು ಮೂಗು ಮುರಿಯುತ್ತಿದ್ದದ್ದು. ನಮ್ಮ ರಘು ದೀಕ್ಷಿತ್ ಶಿಶುನಾಳ ಷರೀಫರ ಪದಕ್ಕೆ ಗಿಟಾರು ಕೂಡಿಸಿದಾಗ ನಮಗೆ ಆದ ಸಂತೋಷ ನೆನಪಿದೆಯಲ್ಲ, ಕಾರ್ಡಿನಲ್ಸ್ ಕೇಳುವ ಕಾರ್ಕಿನವರ ಮುಖದಲ್ಲಿ ನಾನು ಅದನ್ನೇ ಕಂಡಿದ್ದೇನೆ.

ಹೆಂಗಸರ ದನಿ ಮುಂದಿರುವ ತಂಡಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಡಬ್ಲಿನ್ನಿನ ಪಿಲ್ಲೋ ಕ್ವೀನ್ಸ್ ನಾಲ್ಕು ಜನ ಹೆಂಗಸರ ತಂಡ, 2016ರಲ್ಲಿ ಶುರುವಾದದ್ದು. ಮೊದಲ ಆಲ್ಬಮ್ ‘ಇನ್ ವೇಟಿಂಗ್’ 2020ರಲ್ಲಿ, ಸ್ವಂತವಾಗಿಯೇ ಹೊರತಂದರು. ಚರ್ಚಿನ ನೆರಳಲ್ಲಿ ಬೆಳೆದ, ಹೆಣ್ಣನ್ನೇ ಪ್ರೀತಿಸುವ ಹೆಣ್ಣುಮಕ್ಕಳು ತಮ್ಮ ಪ್ರೀತಿ, ತಮ್ಮ ಊರು, ತಮ್ಮ ಮೈ ಇವನ್ನು ಡಬ್ಲಿನ್ ಉಚ್ಚಾರದಲ್ಲೇ ದನಿ ಕೂಡಿಸಿ ಹಾಡುತ್ತಾರೆ. ಇನ್ನೊಂದು ತಂಡದ ಹೆಸರನ್ನು ‘ಮೇಲ್’ ಎಂದು ಉಚ್ಚರಿಸಬೇಕು, ಗಂಡು ಅನ್ನುವ ಇಂಗ್ಲಿಷ್ ಮಾತಿನ ಹಾಗೆ. ಆದರೆ ಆ ಹೆಸರು ಬಂದದ್ದು ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಯನ್ನು ಆಳಿದ ಕಡಲ ರಾಣಿ ಗ್ರಾನ್ಯ ವೇಲ್ ಎಂಬಾಕೆಯಿಂದ. ಅವರ ‘ಅಟ್ಯಾಚ್‌ಮೆಂಟ್ ಸ್ಟೈಲ್ಸ್’ 2023ರದ್ದು. ಸಿಟ್ಟು, ವ್ಯಂಗ್ಯ ಎರಡೂ ಹರಿತ.

ಈ ಹೆಂಗಸರ ಹಾಡಿನ ಹಿಂದಿರುವ ಕಾಲವನ್ನು ಕನ್ನಡದವರು ಬೇರೆ ಯಾರಿಗಿಂತ ಹತ್ತಿರದಿಂದ ಬಲ್ಲರು. 2012ರ ಅಕ್ಟೋಬರಿನಲ್ಲಿ ಗಾಲ್ವೇ ನಗರದ ಆಸ್ಪತ್ರೆಯೊಂದರಲ್ಲಿ, ಉಳಿಯದೆಂದು ಗೊತ್ತಾಗಿದ್ದ ಗರ್ಭವನ್ನು ತೆಗೆಸಿಕೊಳ್ಳಲು ಆಗದೆ, ನಂಜಾಗಿ ತೀರಿಕೊಂಡ ಸವಿತಾ ಹಾಲಪ್ಪನವರ ನಮ್ಮ ಬೆಳಗಾವಿಯ ಮನೆಮಗಳು. 2018ರ ಮೇ ತಿಂಗಳಲ್ಲಿ ಜನಮತಗಣನೆ ನಡೆದು ಆ ಕಾನೂನು ಬದಲಾಯಿತು. ಆಗ ಡಬ್ಲಿನ್ನಿನ ಒಂದು ಪಬ್ಬಿನ ಹೊರಗೋಡೆಯ ಮೇಲೆ ಸವಿತಾಳ ದೊಡ್ಡ ಚಿತ್ರ ಬರೆದಿದ್ದರು. ಜನ ಸಾಲುಗಟ್ಟಿ ನಿಂತು ಚಿಕ್ಕ ಚೀಟಿಗಳಲ್ಲಿ ಮಾತು ಬರೆದು ಅಂಟಿಸಿದರು. ಈ ತಂಡಗಳನ್ನು ಕೇಳುವಾಗೆಲ್ಲ ನನಗೆ ಆ ಗೋಡೆಯ ನೆನಪಾಗುತ್ತದೆ. ಕುಂಕುಮ ಇಟ್ಟ ಆ ಮುಖ ನನ್ನ ಅಕ್ಕತಂಗಿಯರ ಮುಖದ ಹಾಗೇ ಇತ್ತು.

ಇನ್ನು ಸದ್ದು ಜೋರಾಗಿರಲಿ ಅನ್ನುವವರಿಗೆ ಗಿಲ್ಲಾ ಬ್ಯಾಂಡ್. ಮೊದಲು ಗರ್ಲ್ ಬ್ಯಾಂಡ್ ಅಂತಿದ್ದ ಇವರು ನಾಲ್ಕೂ ಜನ ಗಂಡಸರು. ಆ ಹೆಸರು ಸರಿಯಲ್ಲ ಅನ್ನಿಸಿ 2021ರಲ್ಲಿ ಬದಲಿಸಿಕೊಂಡರು. ‘ಮೋಸ್ಟ್ ನಾರ್ಮಲ್’ 2022ರದ್ದು. ಕಿವಿಗೆ ಕಷ್ಟ ಕೊಡುವ ಸಂಗೀತ, ಅಡುಗೆ ಮಾಡುವಾಗ ಹಾಕಿಕೊಳ್ಳಬೇಡಿ. ಇವರ ಬೇಸ್ ವಾದಕ ಡೇನಿಯಲ್ ಫಾಕ್ಸ್ ಬೇರೆಯವರ ರೆಕಾರ್ಡುಗಳನ್ನೂ ಮಾಡಿಕೊಡುತ್ತಾನೆ. ಸಿಲ್ವರ್‌ಬ್ಯಾಕ್ಸ್ ತಂಡದ ಚುರುಕಾದ, ತಮಾಷೆಯ ‘ಫ್ಯಾಡ್’, 2024ರ ಜನವರಿಯಲ್ಲಿ ಬಂದ ಸ್ಪ್ರಿಂಟ್ಸ್ ತಂಡದ ‘ಲೆಟರ್ ಟು ಸೆಲ್ಫ್’ ಎರಡರ ಹಿಂದೆಯೂ ಅವನ ಕೈಯಿದೆ. ಒಬ್ಬರು ಬೆಳೆದರೆ ನಾಲ್ಕು ಜನರಿಗೆ ನೆರವಾಗುತ್ತಾರೆ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವ ಪದ್ಧತಿ ಇದು.

ಇಷ್ಟಾದರೂ ಇವರೆಲ್ಲ ಊರಲ್ಲೇ ಉಳಿಯುತ್ತಾರೆ ಎಂದೇನಿಲ್ಲ. ಗಾಲ್ವೇ ಕಡಲದಂಡೆಯ ನ್ಯೂಡ್ಯಾಡ್ ತಂಡದ ಮೊದಲ ಆಲ್ಬಮ್ ‘ಮದ್ರಾ’, ಐರಿಷಿನಲ್ಲಿ ನಾಯಿ ಎಂದರ್ಥ. ಅದೂ 2024ರ ಜನವರಿಯದ್ದೇ. ಮಂಜು ಮುಸುಕಿದ ಹಾಗಿನ ಗಿಟಾರು, ಜೂಲಿ ಡಾಸನ್ನಳ ತಣ್ಣಗಿನ ದನಿ. ಅಷ್ಟು ಹೊತ್ತಿಗೆ ಅವರು ಲಂಡನ್ನಿಗೆ ಹೋಗಿಯಾಗಿತ್ತು. 2025ರ ‘ಆಲ್ಟರ್’ ತುಂಬ ಬಿಟ್ಟುಬಂದ ಊರಿನ ಹಂಬಲ. ಅದನ್ನು ನಾನು ಡಂಡಾಕಿನ ಬಾಡಿಗೆ ಮನೆಯಲ್ಲಿ ಕೂತು ಕೇಳಿದೆ. ದಾವಣಗೆರೆ ಬಿಟ್ಟು ಐರ್ಲೆಂಡಿಗೆ ಬಂದವಳು ನಾನು, ಐರ್ಲೆಂಡ್ ಬಿಟ್ಟು ಲಂಡನ್ನಿಗೆ ಹೋದವರು ಅವರು. ನನ್ನಂಥವರು ಬಂದು ಸೇರುವ ಊರುಗಳಿಂದಲೇ ಇಲ್ಲಿನ ಮಕ್ಕಳು ಹೊರಡುತ್ತಿದ್ದಾರೆ.

ಹೊರಡಲು ದೊಡ್ಡ ಕಾರಣ ಮನೆ. ಹೊಸದಾಗಿ ಹುಡುಕಿದರೆ ಈ ದೇಶದ ಸರಾಸರಿ ಬಾಡಿಗೆ 2025ರಲ್ಲಿ ತಿಂಗಳಿಗೆ 2,000 ಯೂರೋ ದಾಟಿತು. ಡಬ್ಲಿನ್ನಿನಲ್ಲಿ ಅದಕ್ಕೂ ಹೆಚ್ಚು. ಸರ್ಕಾರ ಏನೂ ಮಾಡಲಿಲ್ಲ ಅನ್ನುವಂತಿಲ್ಲ. 2022ರಲ್ಲಿ ಕಲಾವಿದರಿಗೆ ಮೂಲ ಆದಾಯ ಎಂಬ ಪ್ರಯೋಗ ಶುರುವಾಯಿತು. 2,000 ಕಲಾವಿದರಿಗೆ ವಾರಕ್ಕೆ 325 ಯೂರೋ, ಮೂರು ವರ್ಷ. ಇಂಥ ಕೃತಿ ಬರೆದು ಕೊಡಿ, ಇಷ್ಟು ಹಾಡು ಮಾಡಿ ಎಂಬ ಷರತ್ತಿಲ್ಲ. ಅರ್ಜಿ ಹಾಕಿದ ಅರ್ಹರು ಎಂಟು ಸಾವಿರ ಮೀರಿದ್ದರಿಂದ ಚೀಟಿ ಎತ್ತಿ ಆರಿಸಿದರು. ಒಳ್ಳೆಯ ಕೆಲಸವೇ. ಆದರೆ ಅಕ್ಕನಿಗೆ ಅರ್ಥವಾಗುವ ಹಾಗೆ ಲೆಕ್ಕ ಹಾಕಿದರೆ, ವಾರಕ್ಕೆ 325 ಅಂದರೆ ತಿಂಗಳಿಗೆ ಸುಮಾರು 1,400. ಬಾಡಿಗೆ 2,000. ಪ್ರಪಂಚದಲ್ಲೇ ಅಪರೂಪದ ಈ ಯೋಜನೆಯೂ ಒಂದು ಮನೆಯ ಬಾಡಿಗೆ ಕಟ್ಟಲಾರದು. ನಾಲ್ಕು ಜನ ಒಂದೇ ಮನೆಯಲ್ಲಿ ಇಕ್ಕಟ್ಟಾಗಿ ಇದ್ದರೆ, ಹಗಲು ಇನ್ನೊಂದು ಕೆಲಸ ಮಾಡಿದರೆ, ರಾತ್ರಿ ಹಾಡು.

ಜನರೂ ಸುಮ್ಮನಿಲ್ಲ. ಡಬ್ಲಿನ್ನಿನ ಸ್ಮಿತ್‌ಫೀಲ್ಡ್ ಚೌಕದಲ್ಲಿ ಕಾಬಲ್‌ಸ್ಟೋನ್ ಎಂಬ ಪಬ್ ಇದೆ, ಸಾಂಪ್ರದಾಯಿಕ ಸಂಗೀತದ ತವರು. 2021ರಲ್ಲಿ ಅದರ ಸುತ್ತ ಮತ್ತು ಮೇಲೆ ಹೋಟೆಲ್ ಕಟ್ಟುವ ಯೋಜನೆ ಬಂತು. ಹಾಡುಗಾರರು ಪಿಟೀಲು, ಕೊಳಲು ಹಿಡಿದು ನುಡಿಸುತ್ತಲೇ ಬೀದಿಗಿಳಿದರು. ಆ ವರ್ಷದ ನವೆಂಬರಿನಲ್ಲಿ ನಗರಪಾಲಿಕೆ ಹೋಟೆಲಿಗೆ ಅನುಮತಿ ನಿರಾಕರಿಸಿತು. ಹಾಡಿಗೆ ಪ್ರತಿಭೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಹಾಡಿಗೆ ಒಂದು ಕೋಣೆಯೂ ಬೇಕು, ಆ ಕೋಣೆಯನ್ನು ಯಾರೋ ಉಳಿಸಿಕೊಡಬೇಕು ಎಂಬುದನ್ನು ನಾನು ಕಲಿತದ್ದು ಇಲ್ಲಿ.

ಅದಕ್ಕೇ ನಿಮಗೆ ಬರೀ ‘ಕೇಳಿ’ ಅಂದರೆ ಸಾಲದು. ಮೊಬೈಲಿನಲ್ಲಿ ಒಂದು ಹಾಡು ಒಮ್ಮೆ ಕೇಳಿದರೆ ಹಾಡಿದವರಿಗೆ ಸಿಗುವುದು ಪೈಸೆಗಳ ಲೆಕ್ಕ. ಸ್ಪಾಟಿಫೈಯಲ್ಲಿ ವರ್ಷಕ್ಕೆ 1,000 ಸಲವೂ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಆ ಪೈಸೆಯೂ ಇಲ್ಲ. ಅಲ್ಲಿ ಕೇಳಿ ರುಚಿ ನೋಡಿ, ಇಷ್ಟವಾದರೆ ಬ್ಯಾಂಡ್‌ಕ್ಯಾಂಪ್ ತಾಣಕ್ಕೆ ಹೋಗಿ ಕೊಳ್ಳಿ. ಹಾಡಿನ ಕಡತಕ್ಕೆ ಕೊಟ್ಟ ದುಡ್ಡಿನಲ್ಲಿ ಆ ತಾಣ ಇಟ್ಟುಕೊಳ್ಳುವ ಪಾಲು ನೂರಕ್ಕೆ ಹದಿನೈದರಷ್ಟು, ಮಿಕ್ಕ ಬಹುಪಾಲು ತಂಡಕ್ಕೆ. ಬೆಂಗಳೂರಿನಲ್ಲಿ ಒಂದು ಸಿನಿಮಾ ಟಿಕೆಟ್ಟು, ಒಂದು ಪಾಪ್‌ಕಾರ್ನಿಗೆ ಆಗುವಷ್ಟು ಖರ್ಚಿನಲ್ಲಿ ಒಂದು ಆಲ್ಬಮ್ ಬರುತ್ತದೆ. ಒಂದೇ ಒಂದು ಕೊಳ್ಳುವುದಾದರೆ ‘ಹಾರ್ಟ್ ಅಂಡರ್’. ಮಾತಿಗೆ ಕಿವಿಗೊಡುವವರಾದರೆ ಎ ಲಾಜರಸ್ ಸೋಲ್. ಜಾನಪದದ ಕಡೆ ಒಲವಿದ್ದರೆ ಜೂನಿಯರ್ ಬ್ರದರ್. ರಾಕ್ ಹಾಡು ಕೇಳಿ ಅಭ್ಯಾಸವಿಲ್ಲದವರಿಗೆ ಪಿಲ್ಲೋ ಕ್ವೀನ್ಸ್ ಒಳ್ಳೆಯ ಬಾಗಿಲು.

ಅಕ್ಕನ ಮಗನಿಗೆ ಈ ಪಟ್ಟಿಯನ್ನೇ ಕಳಿಸಿದೆ, ಬಾಡಿಗೆಯ ಲೆಕ್ಕದ ಸಮೇತ. ಹಾಡಿಕೊಂಡು ಬದುಕುವುದು ಸುಲಭ ಎಂದು ಇಲ್ಲಿ ಕೂತು ನಾನು ಹೇಳಲಾರೆ. ಆಗುವುದಿಲ್ಲ ಎಂದೂ ಹೇಳಲಾರೆ, ಆಗುತ್ತಿರುವುದನ್ನು ಇಷ್ಟು ವರ್ಷ ಕಣ್ಣಾರೆ ನೋಡಿದ್ದೇನೆ. ಕೆಲಸಕ್ಕೆ ಸೇರು, ಮೊದಲ ಸಂಬಳದಲ್ಲಿ ಒಂದು ಒಳ್ಳೆಯ ಮೈಕು ಕೊಳ್ಳು, ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗಿ ಆ ಮೂವರ ಜೊತೆ ತಾರಸಿಯ ಮೇಲೆ ನುಡಿಸು ಅಂದೆ. ಇಂಗ್ಲಿಷಿನಲ್ಲೇ ಹಾಡುವುದಾದರೆ ಹಾಡು, ದಾವಣಗೆರೆಯ ಇಂಗ್ಲಿಷಿನಲ್ಲಿ ಹಾಡು ಅಂದೆ. ಅಕ್ಕನಿಗೆ ಹೇಳಿದ್ದು ಇಷ್ಟೇ: ‘ಅಕ್ಕಾ, ಅವನು ಕೆಲಸಕ್ಕೆ ಹೋಗ್ತಾನೆ. ನೀನು ಮಾತ್ರ ಆ ತಾರಸಿ ಮೇಲೆ ಬಾಡಿಗೆಗೆ ಅಂತ ರೂಮ್ ಎತ್ತಬ್ಯಾಡ.’ ಆಕೆ ಇನ್ನೂ ಹೂಂ ಅಂದಿಲ್ಲ. ಇಟ್ಟಿಗೆ ಇನ್ನೂ ಇಳಿಸಿಲ್ಲ ಎಂದು ಮಾತ್ರ ಹುಡುಗ ಸುದ್ದಿ ಕಳಿಸಿದ್ದಾನೆ.